ಎಂಜಿನ್ನಿಗಾಗಿ ಕಾದ ವಿಮಾನ

ಮೋರಟಗಿಯ ಕಡೆಯ ಎರೆಹೊಲಗಳಲ್ಲಿ ಎತ್ತು ನೊಗಕ್ಕೆ ಸೋತಾಗ ಒಕ್ಕಲಿಗನ ಮುಂದೆ ಎರಡೇ ದಾರಿ. ಹಿಂಡಿ, ಹತ್ತಿಕಾಳು ತಿನ್ನಿಸಿ ಇದ್ದ ಎತ್ತಿನ ಕಸುವನ್ನು ಹೆಚ್ಚಿಸಬೇಕು. ಇಲ್ಲವೆ ಸಂತೆಯಿಂದ ಬೇರೆ ಎತ್ತನ್ನು ತರಬೇಕು. ಯಂತ್ರಯುಗದಲ್ಲಿಯೂ ಈ ಪ್ರಶ್ನೆ ತಪ್ಪಲಿಲ್ಲ. ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರವನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರನ್ನು ಕೂಡಿಸುವುದೋ, ಎಂಜಿನ್ನನ್ನೇ ಬದಲಿಸುವುದೋ? ಜೆಟ್ ವಿಮಾನದಲ್ಲಿ ಈ ಪ್ರಶ್ನೆಯ ರೂಪ ತುಸು ಬೇರೆ, ತಿರುಳು ಅದೇ. ನಮ್ಮ ಬೆಂಗಳೂರಿನಲ್ಲಿಯೇ ಅದು ಒಂದು ವಿಮಾನದ ಹಣೆಬರಹವನ್ನು ಬರೆದ ಬಗೆಯನ್ನು ಇಂದು ಹೇಳಬಯಸುತ್ತೇನೆ.

ಆ ವಿಮಾನದ ಹೆಸರು ಎಚ್.ಎಫ್.-24 ಮಾರುತ. 1956ರಲ್ಲಿ ಜರ್ಮನಿಯ ಖ್ಯಾತ ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ ಬಂದರು. ಶಬ್ದದ ಎರಡು ಪಟ್ಟು ವೇಗದ ಯುದ್ಧವಿಮಾನವೊಂದು ನಮ್ಮ ವಾಯುಪಡೆಗೆ ಬೇಕಾಗಿತ್ತು. ಬ್ರಿಟನ್ನಿನ ಆರ್ಫಿಯಸ್ 12 ಎಂಬ ಎಂಜಿನ್ನನ್ನು ನಂಬಿ ಟ್ಯಾಂಕ್ ವಿಮಾನದ ಒಡಲನ್ನು ರೂಪಿಸಿದರು. ಅಂಥ ಎರಡು ಎಂಜಿನ್ನುಗಳು, ಒಂದೊಂದಕ್ಕೂ ಸುಮಾರು 8,170 ಪೌಂಡುಗಳ ನೂಕುಬಲ. ಆದರೆ ಆ ಎಂಜಿನ್ನಿನ ಅಭಿವೃದ್ಧಿಯ ವೆಚ್ಚವನ್ನು ಹೊರಲು ಬ್ರಿಟನ್ನೂ ಮುಂದೆ ಬರಲಿಲ್ಲ, ಭಾರತವೂ ಒಪ್ಪಲಿಲ್ಲ. ಒಡಲು ಸಿದ್ಧವಾಗುತ್ತಿತ್ತು, ಎದೆ ಇರಲಿಲ್ಲ.

ಕೈಗೆ ಸಿಕ್ಕಿದ್ದು ಆರ್ಫಿಯಸ್ 703. ಅದರ ಬಲ 4,850 ಪೌಂಡು ಮಾತ್ರ. ಅದನ್ನೇ ಜೋಡಿಸಿಕೊಂಡು 1961ರ ಜೂನ್ 17ರಂದು, ವಿಂಗ್ ಕಮಾಂಡರ್ ಸುರಂಜನ್ ದಾಸರ ಕೈಯಲ್ಲಿ, ಮಾರುತ ಬೆಂಗಳೂರಿನ ಆಕಾಶಕ್ಕೇರಿತು. ರೂಪ ನೋಡಿದವರು ಮೆಚ್ಚಿದರು. ಆದರೆ ಎರಡು ಪಟ್ಟಿನ ಮಾತಿರಲಿ, ಶಬ್ದದ ವೇಗದ ಆಸುಪಾಸಿನಲ್ಲಿಯೇ ಅದರ ಉಸಿರು ಕಟ್ಟಿತು.

ಆಮೇಲೆ ಎರಡೂ ದಾರಿಗಳನ್ನು ತುಳಿದು ನೋಡಲಾಯಿತು. ಒಂದು, ಎಂಜಿನ್ ಬದಲಾವಣೆ. ಆಗ ಈಜಿಪ್ಟಿನಲ್ಲಿ ಆಸ್ಟ್ರಿಯದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಎಂಜಿನ್ನನ್ನು ಕಟ್ಟುತ್ತಿದ್ದರು. ನಮ್ಮ ಒಂದು ಮಾರುತವನ್ನು ಅಲ್ಲಿಗೆ ಕಳಿಸಲಾಯಿತು. 1967ರಲ್ಲಿ ಅದು ಹೆಲ್ವಾನಿನಲ್ಲಿ ಆ ಎಂಜಿನ್ನನ್ನು ಹೊತ್ತು ಹಾರಿತು. 1969ರಲ್ಲಿ ಈಜಿಪ್ಟ್ ತನ್ನ ಯೋಜನೆಯನ್ನೇ ಕೈಬಿಟ್ಟಿತು. ಆ ದಾರಿ ಅಲ್ಲಿಗೆ ಮುಚ್ಚಿತು.

ಇನ್ನೊಂದು, ಇದ್ದ ಎಂಜಿನ್ನಿಗೇ ಕಸುವು ತುಂಬುವುದು. ಜೆಟ್ಟಿನಿಂದ ಹೊರಹೋಗುವ ಬಿಸಿಗಾಳಿಯಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತದೆ. ಬಾಲದ ಕೊಳವೆಯಲ್ಲಿ ಮತ್ತೆ ಇಂಧನ ಸಿಂಪಡಿಸಿ ಉರಿಸಿದರೆ ನೂಕುಬಲ ಹೆಚ್ಚುತ್ತದೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯವರು ಈ ಮರುದಹನದ ವ್ಯವಸ್ಥೆಯನ್ನು ಸ್ವಂತವಾಗಿ ನಿರ್ಮಿಸಿದರು. ಅದು ಸಣ್ಣ ಸಾಧನೆಯಲ್ಲ. ಆದರೆ ಅದಕ್ಕಾಗಿ ವಿಮಾನದ ಹಿಂಬದಿಯನ್ನು ಮಾರ್ಪಡಿಸಬೇಕಾಯಿತು. ಗಾಳಿಯ ತಡೆ ಹೆಚ್ಚಿ, ಗಳಿಸಿದ ಬಲದ ದೊಡ್ಡ ಪಾಲನ್ನು ಅದೇ ನುಂಗಿತು. 1970ರ ಜನವರಿ 10ರಂದು ಇಂಥದೊಂದು ಮಾರುತದಲ್ಲಿ ಮೇಲೇರಿದ ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ಒಂದು ರಸ್ತೆ ಅವರ ಹೆಸರನ್ನು ಹೊತ್ತಿದೆ. ದಿನವೂ ಅಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಈ ಕಥೆ ನೆನಪಿದ್ದೀತು?

ಮಾರುತ ಸೋತಿತೆಂದು ನಾನು ಹೇಳುತ್ತಿಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ದಿಟ್ಟವಾಗಿ ದುಡಿಯಿತು. ಗುಂಡು ತಗುಲಿ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದಲೇ ನೆಲೆಗೆ ಮರಳಿದ್ದುಂಟು. ಒಟ್ಟು 147 ವಿಮಾನಗಳು ತಯಾರಾದವು. 1990ರ ಹೊತ್ತಿಗೆ ಅವು ನಿವೃತ್ತವಾದವು. ಆ ಬೇಸಾಯಕ್ಕೆ ತಕ್ಕ ಬೆಳೆ ಮಾತ್ರ ಕೈಗೆ ಬರಲಿಲ್ಲ.

ಬದಲಿಸುವುದು ಸರಿಯೋ, ಬಲ ತುಂಬುವುದು ಸರಿಯೋ ಎಂದು ಈಗ ವಾದಿಸಿ ಫಲವಿಲ್ಲ. ನನ್ನ ಮಟ್ಟಿಗೆ ಪಾಠ ಬೇರೆಯೇ ಇದೆ. ಎಂಜಿನ್ ತನ್ನದಲ್ಲದವನಿಗೆ ಈ ಆಯ್ಕೆಯೇ ಪೂರ್ಣವಾಗಿ ತನ್ನದಾಗಿರುವುದಿಲ್ಲ. ಬದಲಿ ಎಂಜಿನ್ ಪರರಾಜ್ಯದ ಖಜಾನೆಯನ್ನು ಅವಲಂಬಿಸಿತ್ತು. ತುಂಬಿದ ಬಲ ಇನ್ನೊಂದಕ್ಕೆಂದು ಹೊಲಿದ ಅಂಗಿಯೊಳಗೆ ಹಿಡಿಯಲಿಲ್ಲ. 1989ರಲ್ಲಿ ಅದೇ ಬೆಂಗಳೂರಿನ ಸಂಸ್ಥೆ ಕಾವೇರಿ ಎಂಬ ಎಂಜಿನ್ನಿನ ಯೋಜನೆಯನ್ನು ಕೈಗೆತ್ತಿಕೊಂಡಿತು. ಅದನ್ನು ಹೊರಬೇಕಾಗಿದ್ದ ತೇಜಸ್ 2001ರ ಜನವರಿ 4ರಂದು ಅಮೆರಿಕದ ಎಂಜಿನ್ನಿನ ಮೇಲೆ ಮೊದಲು ಹಾರಿತು. 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಲಾಯಿತು. ರೆಕ್ಕೆಯನ್ನು ನಾವು ಬೇಗ ಕಲಿತೆವು. ಎದೆಯೊಳಗಿನ ಬೆಂಕಿಯನ್ನು ಪಳಗಿಸುವ ವಿದ್ಯೆಗೆ ತಾಳ್ಮೆಯೂ ಹಣವೂ ಇನ್ನೂ ಹೆಚ್ಚು ಬೇಕು. ಅದನ್ನು ವಿಮಾನದ ನಕ್ಷೆ ಬರೆಯುವ ಮೊದಲೇ ತೊಡಗಿಸಬೇಕು ಎಂಬುದನ್ನು ಮಾರುತ ನಮಗೆ ಬಲು ತುಟ್ಟಿಯ ಬೆಲೆಗೆ ಕಲಿಸಿದೆ.