ಕುವಲಾಲದ ಸತ್ಯವಾಕ್ಯರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ಈ ಸೀಮೆಯ ಯಾವ ಸಂತೆಗೆ ಹೋದರೂ ಒಬ್ಬ ಮನುಷ್ಯನ ಬಗ್ಗೆ ಆಡಬಹುದಾದ ದೊಡ್ಡ ಮೆಚ್ಚುಗೆಯ ಮಾತು ‘ಅವನು ಮಾತಿಗೆ ತಪ್ಪುವವನಲ್ಲ’ ಎಂಬುದೇ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ನೆಲದ ಅರಸರು ಈ ಮೆಚ್ಚುಗೆಯನ್ನು ತಮ್ಮ ಬಿರುದಾಗಿ ಧರಿಸಿದ್ದರು.

ಕೋಲಾರದ ಹಳೆಯ ಹೆಸರು ಕುವಲಾಲ. ತಲಕಾಡಿಗೆ ಹೋಗುವ ಮೊದಲು ಗಂಗರ ರಾಜಧಾನಿ ಇದೇ. ಊರು ಬಿಟ್ಟ ಮೇಲೂ ಅವರು ಶಾಸನಗಳಲ್ಲಿ ‘ಕುವಲಾಲಪುರವರೇಶ್ವರ’ ಎಂದೇ ಕರೆಸಿಕೊಂಡರು. ಒಂಬತ್ತನೆಯ ಶತಮಾನದಿಂದ ಈ ವಂಶದಲ್ಲಿ ಎರಡು ಬಿರುದುಗಳು ಮತ್ತೆ ಮತ್ತೆ ಕಾಣಿಸುತ್ತವೆ: ರಾಚಮಲ್ಲರಿಗೆ ‘ಸತ್ಯವಾಕ್ಯ’, ಎರೆಗಂಗರಿಗೆ ‘ನೀತಿಮಾರ್ಗ’. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಗಂಗರ ಮಂತ್ರಿ ಚಾವುಂಡರಾಯನಿಗೂ ‘ಸತ್ಯಯುಧಿಷ್ಠಿರ’ ಎಂಬ ಬಿರುದಿತ್ತು. ಕತ್ತಿಯಿಂದಲೇ ರಾಜ್ಯ ಉಳಿಯುತ್ತಿದ್ದ ಕಾಲವದು. ಶೌರ್ಯದ ಬಿರುದುಗಳಿಗೂ ಕೊರತೆ ಇರಲಿಲ್ಲ. ಆದರೂ ಜನರ ಮನಸ್ಸಿನಲ್ಲಿ ನಿಲ್ಲಲು ಅಷ್ಟೇ ಸಾಲದು ಎಂದು ಅವರಿಗೆ ಅನಿಸಿರಬೇಕು.

ಹಾಗೆಂದು ಬಿರುದಿನಂತೆಯೇ ಬದುಕೂ ಇತ್ತು ಎನ್ನುವಂತಿಲ್ಲ. ಇಮ್ಮಡಿ ಬೂತುಗನು ರಾಚಮಲ್ಲನನ್ನು ಕೊಂದು ಗಂಗವಾಡಿ ತೊಂಬತ್ತಾರು ಸಾವಿರವನ್ನು ಆಳಿದ. ಈ ಸಂಗತಿ ನಮಗೆ ತಿಳಿದಿರುವುದು 949-50ರ ಆತಕೂರು ಶಾಸನದಿಂದ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಬೂತುಗ ಬದುಕಿದ್ದಾಗಲೇ, ಅವನ ಕಡೆಯವರೇ ಹಾಕಿಸಿದ ಕಲ್ಲು, ಅವನು ಸಿಂಹಾಸನಕ್ಕೇರಿದ ದಾರಿಯನ್ನು ಮುಚ್ಚಿಡುವುದಿಲ್ಲ. ಸಾವಿರ ವರ್ಷಗಳ ಮೇಲೆ ನಾವು ಆ ಶಾಸನವನ್ನು ನಂಬಿ ಓದುವುದಕ್ಕೆ ಇದೂ ಒಂದು ಕಾರಣ.

ಅಂದಿನ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪವಿರುತ್ತದೆ: ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂದು. ಕೊಟ್ಟ ಮಾತನ್ನು ಮುಂದಿನವರು ಭಯದಿಂದಲಾದರೂ ಉಳಿಸಲಿ ಎಂಬ ಆಸೆ ಅದು. ಆದರೆ ಭಯವಿಲ್ಲದೆಯೂ ಮಾತು ಉಳಿಯುತ್ತದೆಯೇ?

ಇದಕ್ಕೆ ಉತ್ತರ ಇದೇ ಸೀಮೆಯ ಇಬ್ಬರು ಲೇಖಕರಲ್ಲಿದೆ ಎಂದು ನನಗನ್ನಿಸುತ್ತದೆ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. 1970ರಲ್ಲಿ ತಮಗೆ ಬಂದ ಸನ್ಮಾನದ ಹಣವನ್ನು ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. 1975ರಲ್ಲಿ ಅವರು ತೀರಿಕೊಂಡ ಮೇಲೆ, ನಗದು ಮಾಡಿಸದೆ ಇಟ್ಟಿದ್ದ ಗೌರವಧನದ ಚೆಕ್ಕುಗಳು ಪೆಟ್ಟಿಗೆಯಲ್ಲಿ ಸಿಕ್ಕವೆಂಬ ಮಾತನ್ನು ಕನ್ನಡಿಗರು ಇಂದಿಗೂ ಹೇಳಿಕೊಳ್ಳುತ್ತಾರೆ. ಇನ್ನೊಬ್ಬರು ಮಾಲೂರು ತಾಲ್ಲೂಕಿನ ಮಾಸ್ತಿ. ತಮಗಿಂತ ಕಿರಿಯರಿಗೆ ಹುದ್ದೆ ದೊರೆತಾಗ, 1943ರಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗಿನ ಕೊನೆಯ ಅರಸನ ಕಥೆ ಹೇಳುವಾಗ, ನಮ್ಮವನೆಂದು ಅವನ ತಪ್ಪುಗಳನ್ನು ಮರೆಮಾಚಲಿಲ್ಲ.

ಇವರಿಬ್ಬರಿಗೂ ಯಾವ ಶಾಪದ ಭಯವೂ ಇರಲಿಲ್ಲ. ಪೆಟ್ಟಿಗೆಯೊಳಗಿನ ಚೆಕ್ಕುಗಳಿಗೆ ಸಾಕ್ಷಿಗಳೂ ಇರಲಿಲ್ಲ. ಆ ಕಥೆ ಕೇಳಿದವರು, ತಾವು ಹಾಗೆ ಬದುಕದಿದ್ದರೂ, ಒಂದು ಕ್ಷಣ ಸುಮ್ಮನಾಗುತ್ತಾರೆ. ಯಾರೂ ಕಲಿಸದೆಯೇ ಸತ್ಯದ ಕಡೆಗೆ ಮನಸ್ಸು ಹೀಗೆ ವಾಲುವುದರಿಂದಲೇ ಅರಸರಿಗೂ ಆ ಬಿರುದು ಬೇಕಾಗಿತ್ತು. ಕುವಲಾಲದ ದೊರೆಗಳು ಕಲ್ಲಿನಲ್ಲಿ ಕೊರೆಸಿಕೊಂಡ ಹೆಸರನ್ನು, ಅದೇ ನೆಲದ ಈ ಇಬ್ಬರು ಕೇಳದೆಯೇ ಪಡೆದರು.