ನಮ್ಮೂರಿನ ಫಿಯಟ್ ಕಾರು



ತೊರಪಲ್ಲಿ ಅಗ್ರಹಾರ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವವರು ರಾಜಾಜಿ. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ ಮನೆ ಈಗ ತಮಿಳುನಾಡು ಸರ್ಕಾರದ ಸ್ಮಾರಕವಾಗಿದೆ. ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಕೊನೆಗೆ ದೇಶದ ಗವರ್ನರ್ ಜನರಲ್ ಆದವರು ಅವರು. ಎಂಬತ್ತು ತುಂಬಿದ ವಯಸ್ಸಿನಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷ ಕಟ್ಟಿದರು. ಅಂದಿನ ಆಡಳಿತವನ್ನು 'ಪರ್ಮಿಟ್-ಲೈಸೆನ್ಸ್ ರಾಜ್ಯ' ಎಂದು ಜರೆದರು.

ನಾನು ಇಂದು ಮಾತಾಡಹೊರಟಿರುವುದು ರಾಜಕೀಯವನ್ನಲ್ಲ, ಒಂದು ಪುಟ್ಟ ಕಾರಿನ ಚರಿತ್ರೆಯನ್ನು. ಆದರೆ ನಮ್ಮೂರಿನ ಆ ಹಿರಿಯರು ಹೇಳಿದ ಮಾತಿನ ಅರ್ಥ ನನ್ನಂಥ ಎಸ್ಸೆಸ್ಸೆಲ್ಸಿ ಓದಿದವನಿಗೆ ಪುಸ್ತಕದಿಂದ ತಿಳಿಯಲಿಲ್ಲ; ಫಿಯಟ್ ಕಾರಿನಿಂದ ತಿಳಿಯಿತು. ಅದಕ್ಕಾಗಿ ರಾಜಾಜಿಯವರ ಹೆಸರನ್ನು ಮೊದಲು ತೆಗೆದುಕೊಂಡೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಹೊರಗಿನಿಂದ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿ ಮಾರುತ್ತಿದ್ದವು. ಬರೀ ಜೋಡಿಸುವುದು ಸಾಲದು, ಭಾಗಗಳನ್ನು ಇಲ್ಲೇ ತಯಾರಿಸಬೇಕು ಎಂದು ಸರ್ಕಾರ 1953ರಲ್ಲಿ ತೀರ್ಮಾನಿಸಿದಾಗ ಆ ಎರಡೂ ಕಂಪನಿಗಳು ಗಂಟುಮೂಟೆ ಕಟ್ಟಿದವು. ಉಳಿದ ಕಾರುಗಳೆಂದರೆ ಮುಖ್ಯವಾಗಿ ಮೂರು. ಕಲ್ಕತ್ತೆಯ ಹತ್ತಿರ ಉತ್ತರಪಾರಾದಲ್ಲಿ ಅಂಬಾಸಿಡರ್, ಬೊಂಬಾಯಿಯ ಕುರ್ಲಾದಲ್ಲಿ ಫಿಯಟ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಮದರಾಸಿನವರು 1961ರಲ್ಲಿ ಹೆರಾಲ್ಡ್ ಎಂಬ ಎರಡು ಬಾಗಿಲಿನ ಅಂದವಾದ ಕಾರನ್ನು ತಂದರು. ಹೊಸೂರಿನ ರಸ್ತೆಯಲ್ಲಿ ಅದು ಹೋದರೆ ಹುಡುಗರು ಹಿಂದೆ ಓಡುತ್ತಿದ್ದರು.

ಕುರ್ಲಾದ ಕಾರ್ಖಾನೆ ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯದು. ಇಟಲಿಯ ಫಿಯಟ್ ಕಂಪನಿಯ 1100 ಕಾರು ಅಲ್ಲಿ 1954ರಲ್ಲಿ ಶುರುವಾಯಿತು. ಮೊದಲಿನ ಕಾರುಗಳ ಮುಂಬಾಗಿಲು ನಮ್ಮ ಮನೆಯ ಬೀರುವಿನ ಬಾಗಿಲಿನಂತೆ ಹಿಮ್ಮುಖವಾಗಿ ತೆರೆಯುತ್ತಿತ್ತು. 1964ರಲ್ಲಿ 'ಡಿಲೈಟ್' ಎಂಬ ಹೊಸ ಮಾದರಿ ಬಂತು. ಎಪ್ಪತ್ತರ ದಶಕದ ನಡುವಿನಲ್ಲಿ ಇಟಲಿಯ ಹೆಸರು ಹೋಗಿ ಸ್ವಲ್ಪ ಕಾಲ 'ಪ್ರೀಮಿಯರ್ ಪ್ರೆಸಿಡೆಂಟ್' ಎಂದಾಯಿತು; ಆಮೇಲೆ ಚಿತ್ತೂರಿನ ರಾಣಿಯ ನೆನಪಿನಲ್ಲಿ 'ಪ್ರೀಮಿಯರ್ ಪದ್ಮಿನಿ'. ಹೆಸರು ಎಷ್ಟು ಬದಲಾದರೂ ಜನರ ಬಾಯಲ್ಲಿ ಅದು ಫಿಯಟ್ಟೇ. ಎಂಜಿನ್ 1089 ಸಿ.ಸಿ., ನಾಲ್ಕು ಗೇರು, ಗೇರಿನ ಕೋಲು ಸ್ಟೀರಿಂಗಿನ ಕೆಳಗೆ. ಮುಂದಿನ ಸೀಟು ಬೆಂಚಿನಂತೆ ಒಂದೇ ಉದ್ದಕ್ಕೆ ಇದ್ದದ್ದರಿಂದ ಮುಂದೆಯೇ ಮೂವರು ಕೂರಬಹುದಾಗಿತ್ತು.

ಕಾರಿತ್ತು, ಆದರೆ ಕೊಳ್ಳುವುದು ಸುಲಭವಿರಲಿಲ್ಲ. ಎಷ್ಟು ಕಾರು ತಯಾರಿಸಬೇಕು ಎನ್ನುವುದಕ್ಕೆ ಲೈಸೆನ್ಸ್. ಯಾರಿಗೆ ಕೊಡಬೇಕು ಎನ್ನುವುದಕ್ಕೆ 1959ರ ಹಂಚಿಕೆಯ ಆದೇಶ. ಅದೂ ಸ್ವತಂತ್ರ ಪಕ್ಷ ಹುಟ್ಟಿದ ವರ್ಷವೇ. ಎಷ್ಟಕ್ಕೆ ಮಾರಬೇಕು ಎನ್ನುವುದನ್ನೂ ಸರ್ಕಾರ 1969ರಲ್ಲಿ ನಿಗದಿ ಮಾಡಿದಾಗ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾಯಲಾರದವರು ಹಳೆಯ ಕಾರಿಗೆ ಹೊಸದಕ್ಕಿಂತ ಹೆಚ್ಚು ಕೊಡುತ್ತಿದ್ದರು. ನಾನು ಹುಡುಗನಾಗಿದ್ದಾಗ ಇದು ವಿಚಿತ್ರವಾಗಿ ಕಾಣುತ್ತಿತ್ತು. ಹಳೆಯ ಎತ್ತಿಗೆ ಎಳೆಯ ಎತ್ತಿಗಿಂತ ಹೆಚ್ಚು ಬೆಲೆ ಯಾವ ಸಂತೆಯಲ್ಲಿದೆ?

ನಮ್ಮ ಬೆಂಗಳೂರು ಸುಮ್ಮನೆ ಕೂರಲಿಲ್ಲ. ಎಪ್ಪತ್ತರ ದಶಕದಲ್ಲಿ ಅಲ್ಲಿ 'ಬಾದಲ್' ಎಂಬ ಮೂರು ಚಕ್ರದ ಫೈಬರ್ ಗ್ಲಾಸ್ ಕಾರು ತಯಾರಾಯಿತು. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿಂದಲೇ 'ಸಿಪಾನಿ ಡಾಲ್ಫಿನ್' ಬಂತು. ಅದೂ ಫೈಬರ್ ಮೈಯದೇ, ಎರಡು ಬಾಗಿಲು, 848 ಸಿ.ಸಿ. ಎಂಜಿನ್. ಅದು ನೆಲೆಯೂರುವ ಮೊದಲೇ 1983ರ ಡಿಸೆಂಬರ್ 14ರಂದು ಮಾರುತಿ 800 ಬಂದುಬಿಟ್ಟಿತು. ಬೆಲೆ ಸುಮಾರು 50,000 ರೂಪಾಯಿ. ಆ ಹೊತ್ತಿಗೆ ನಮ್ಮ ಹೊಸೂರೂ ಚಕ್ರದ ಊರಾಗಿತ್ತು. ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಟಿದ್ದು ಇಲ್ಲಿಂದಲೇ; ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆಯೂ ಇಲ್ಲಿಗೆ ಬಂದಿತ್ತು.

ಮಾರುತಿಯಿಂದ ನನ್ನಂಥವರಿಗೆ ಆದ ಉಪಕಾರವೇ ಬೇರೆ. ಉಳ್ಳವರು ಮಾರುತಿ ಕೊಂಡು ಫಿಯಟ್ಟನ್ನು ಮಾರಿದರು. ಫಿಯಟ್ಟಿನ ಬೆಲೆ ಇಳಿಯಿತು. ಇಳಿದು ಇಳಿದು ಒಬ್ಬ ಬ್ಯಾಂಕ್ ಗುಮಾಸ್ತನ ಕೈಗೆ ಎಟುಕಿತು. 1991ರ ಆಗಸ್ಟಿನಲ್ಲಿ ಬೆಂಗಳೂರಿನ ಒಬ್ಬ ಬ್ರೋಕರ್ ಮೂಲಕ 1978ರ ಪದ್ಮಿನಿಯೊಂದನ್ನು 32,000 ರೂಪಾಯಿಗೆ ಕೊಂಡೆ. ಅದು ನನ್ನ ಒಂಬತ್ತು ಹತ್ತು ತಿಂಗಳ ಸಂಬಳ. ಬಣ್ಣ ತಿಳಿ ಹಸಿರು. ಅದರ ಹಿಂದಿನ ತಿಂಗಳು, ಜುಲೈ 24ರಂದು, ಕೇಂದ್ರ ಸರ್ಕಾರ ಹದಿನೆಂಟು ಕೈಗಾರಿಕೆಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸ್ ತೆಗೆದುಹಾಕಿತ್ತು. ಕಾರು ಮಾತ್ರ ಆ ಹದಿನೆಂಟರಲ್ಲೇ ಉಳಿದು, 1993ರಲ್ಲಿ ಬಿಡುಗಡೆ ಪಡೆಯಿತು. ರಾಜಾಜಿ ತೀರಿಕೊಂಡದ್ದು 1972ರಲ್ಲಿ. ಅವರ ಮಾತು ಕಾರಿನ ಮಟ್ಟಿಗೆ ನಿಜವಾಗಲು ಇಪ್ಪತ್ತೊಂದು ವರ್ಷ ಹಿಡಿಯಿತು.

ನಾನು ಜೀವನವಿಡೀ ಕಾಗದ ನೋಡಿದವನು. ಸಾಲಕ್ಕೆ ಬಂದ ಟ್ರ್ಯಾಕ್ಟರು, ಟೆಂಪೋಗಳ ಆರ್.ಸಿ. ಪುಸ್ತಕ ತಿರುವಿ, ಮಾಲೀಕನ ಹೆಸರು, ಎಂಜಿನ್ ನಂಬರು, ಚಾಸಿ ನಂಬರು ಲೆಡ್ಜರಿಗೆ ಇಳಿಸುವುದೇ ನನ್ನ ಕೆಲಸ. ಕಾಗದದಲ್ಲಿ ಇರುವುದೇ ಸತ್ಯ ಎಂದು ನಂಬಿದ್ದವನು. ಆ ನಂಬಿಕೆಯನ್ನು ಕಾರು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿತು.

ಮೊದಲು ನಂಬರ್ ಪ್ಲೇಟಿನ ಮಾತು. ಕಾರಿಗಿದ್ದದ್ದು ಕರ್ನಾಟಕದ ಹಳೆಯ 'ಸಿ' ಅಕ್ಷರದ ನಂಬರು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಆ ರಾಜ್ಯದ ನಂಬರು ಪಡೆಯಬೇಕು. ಅದಕ್ಕೆ ಮೊದಲ ಊರಿನಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ತೆರಿಗೆ. ಆ ಓಡಾಟ ಮುಗಿಯುವ ಮೊದಲೇ 1991ರ ಡಿಸೆಂಬರ್ ಬಂತು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾಗಿ ಬೆಂಗಳೂರಿನಲ್ಲಿ ಗಲಭೆಯಾಯಿತು. ಅಲ್ಲಿಂದ ತಮಿಳರು ಹೆಂಡತಿ ಮಕ್ಕಳೊಂದಿಗೆ ಗಡಿ ದಾಟಿ ಬಂದರು. ಹೊಸೂರಿನಲ್ಲಿ ಎಲ್ಲರ ಮುಖದಲ್ಲೂ ಕಳವಳ. ನಮ್ಮ ಮನೆಯ ಮುಂದೆ ಕರ್ನಾಟಕದ ನಂಬರಿನ ಕಾರು. ಪಕ್ಕದ ಮನೆಯ ತಮಿಳು ರೈತರು ನಾನು ಕೇಳುವ ಮೊದಲೇ ಬಂದು, "ತಂಬಿ, ವಂಡಿನ ನಮ್ಮ ಕೊಟ್ಟಿಗೆಗೆ ತಂದು ನಿಲ್ಲಿಸು" ಎಂದರು. ಅವರಿಗೆ ನಮ್ಮ ಕನ್ನಡವೂ ಬರುತ್ತಿತ್ತು, ನಮಗೆ ಅವರ ತಮಿಳೂ ಬರುತ್ತಿತ್ತು. ಎರಡು ವಾರ ನನ್ನ ಫಿಯಟ್ಟು ಅವರ ಹಸುಗಳ ಜೊತೆ ಹುಲ್ಲು ಹೊದ್ದು ನಿಂತಿತು.

ಮರುವರ್ಷ ತಮಿಳುನಾಡಿನ ನಂಬರು ಬಂತು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಅಂಜಿಕೆ ಇನ್ನೊಂದು ಕಡೆಯಿಂದ ಬಂತು. ಈಗ ಅತ್ತಿಬೆಲೆ ದಾಟುವುದೇ ಭಯ. ಕಾರಿನೊಳಗೆ ಕೂತು ಅಣ್ಣಾವ್ರು ಕ್ಷೇಮವಾಗಿ ಬರಲಿ ಎಂದು ಹರಕೆ ಹೊರುತ್ತಿದ್ದವರು ನನ್ನ ತಾಯಿ; ಕಾರಿನ ಹಣೆಯ ಮೇಲಿದ್ದದ್ದು 'ಟಿಎನ್'. ಅದೇ ಕಾರು, ಅದೇ ಮನೆಯವರು. ಪ್ಲೇಟು ರಾಜ್ಯವನ್ನು ಹೇಳುತ್ತದೆ, ಭಾಷೆಯನ್ನು ಹೇಳುವುದಿಲ್ಲ. ಮನಸ್ಸನ್ನಂತೂ ಹೇಳುವುದೇ ಇಲ್ಲ. ಗಡಿಯಲ್ಲಿ ಬಾಳುವ ನಮಗೆ ಇದು ಗೊತ್ತು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದದ್ದನ್ನು ಟಿ.ವಿ.ಯಲ್ಲಿ ನೋಡಿದಾಗ ಆ ಕೊಟ್ಟಿಗೆ ನನಗೆ ನೆನಪಾಯಿತು.

ಇನ್ನು ಮಾಲೀಕತ್ವದ ಮಾತು. ಆರ್.ಸಿ. ಪುಸ್ತಕದಲ್ಲಿ ನನ್ನ ಹೆಸರಿತ್ತು, ಆದರೆ ಕಾರು ಊರಿನದಾಗಿತ್ತು. ಹೊಸೂರು ಹತ್ತು ಕಿಲೋಮೀಟರ್, ರಾತ್ರಿ ಬಸ್ಸಿಲ್ಲ. ಮದುವೆಯ ಲಗ್ನಪತ್ರಿಕೆ ಹಂಚಲು, ಬಾಣಂತಿಯನ್ನು ಕರೆತರಲು, ಪರೀಕ್ಷೆಗೆ ತಡವಾದ ಮಕ್ಕಳನ್ನು ಬಿಡಲು, ಎಲ್ಲಕ್ಕೂ ಫಿಯಟ್ಟು. ನಾಲ್ಕೈದು ಜನರ ಕಾರಿನಲ್ಲಿ ಎಂಟು ಜನ ಕೂತು ಬೆಂಗಳೂರಿನ ಮದುವೆಗೆ ಹೋದದ್ದುಂಟು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದರೂ ಏಳದಿದ್ದರೆ ಬೀದಿಯ ಹುಡುಗರೆಲ್ಲ ಸೇರಿ ತಳ್ಳುತ್ತಿದ್ದರು. ತಳ್ಳಿದವರಿಗೆಲ್ಲ ಒಂದು ಸುತ್ತು ಸವಾರಿ. ಇದು ಬೀದಿಯ ಕಾನೂನು.

ಒಂದು ರಾತ್ರಿಯ ವಿಷಯ ಹೇಳಬೇಕು. 1994ರ ಮಳೆಗಾಲ. ಹನ್ನೊಂದು ಗಂಟೆಯ ಹೊತ್ತಿಗೆ ಬೀದಿಯ ತುದಿಯಿಂದ ಯಾರೋ "ಸಾಮೀ, ಸಾಮೀ" ಎಂದು ಕೂಗುತ್ತಿದ್ದರು. ಟಾರ್ಚ್ ಹಿಡಿದು ಹೋದೆ. ಕಾಲೋನಿಯ ಕೂಲಿಯವನು, ಮಳೆಯಲ್ಲಿ ತೋಯ್ದು ನಿಂತಿದ್ದ. ಹೆಂಡತಿಗೆ ಹೆರಿಗೆ ನೋವು, ಸಂಜೆಯಿಂದ ಒದ್ದಾಡುತ್ತಿದ್ದಾಳೆ ಎಂದ. ಅಷ್ಟು ಅವಸರದಲ್ಲೂ ಅವನು ಅಗ್ರಹಾರದ ಬೀದಿಗೆ ಕಾಲಿಟ್ಟಿರಲಿಲ್ಲ. ಕಾನೂನು ಅವನನ್ನು ತಡೆದಿರಲಿಲ್ಲ. ತಲೆಮಾರುಗಳ ಅಭ್ಯಾಸ ತಡೆದಿತ್ತು. ನಾನು ಕೀಲಿಗೆ ಮನೆಯೊಳಗೆ ಬಂದಾಗ ಅಮ್ಮ ಎದ್ದು ಕೂತಿದ್ದರು. ಮಡಿ, ಮೈಲಿಗೆ ಎಂದು ಬದುಕಿದವರು. ಏನೆನ್ನುತ್ತಾರೋ ಎಂದುಕೊಂಡೆ. ಹಳೆಯ ಕಂಬಳಿಯೊಂದನ್ನು ಕೈಗಿಟ್ಟು, "ಅವಳನ್ನ ಹಿಂದೆ ಮಲಗಿಸು, ಇನ್ನೊಬ್ಬ ಹೆಂಗಸನ್ನ ಜೊತೆಗೆ ಕೂರಿಸ್ಕೋ, ಗುಂಡಿ ನೋಡಿ ಓಡಿಸು" ಎಂದರು. ಅಷ್ಟೇ.

ಅವನು ಮುಂದಿನ ಸೀಟಿನಲ್ಲಿ, ಬಾಗಿಲಿಗೆ ಅಂಟಿಕೊಂಡು ಕೂತ. ಆ ಬೆಂಚಿನಂಥ ಸೀಟಿನಲ್ಲಿ ಇವನಿಗೊಂದು ಅವನಿಗೊಂದು ಎಂಬ ಜಾಗವಿಲ್ಲ; ಗುಂಡಿ ಬಂದಾಗ ಇಬ್ಬರೂ ಒಟ್ಟಿಗೆ ಜಾರಬೇಕು. ಆಸ್ಪತ್ರೆ ತಲುಪಿ ಒಂದು ಗಂಟೆಯೊಳಗೆ ಹೆಣ್ಣು ಮಗು ಹುಟ್ಟಿತು. ಬೆಳಿಗ್ಗೆ ಅವನು ಕಾರು ತೊಳೆಯಲು ಬಕೆಟ್ಟು ಹಿಡಿದು ಬಂದ. ಬೀದಿಯ ತುದಿಯಲ್ಲಿ ನಿಲ್ಲದೆ ನಮ್ಮ ಮನೆಯ ಬಾಗಿಲಿಗೇ ಬಂದ. ಬೀದಿಯಲ್ಲಿ ಒಂದಿಬ್ಬರು ಮುಖ ತಿರುಗಿಸಿದರು. ಅಮ್ಮ ಅವನಿಗೆ ಕಾಫಿ ಕೊಟ್ಟರು, ಲೋಟ ಬೇರೆಯದೇ ಆಗಿತ್ತು. ಎಲ್ಲವೂ ಒಂದೇ ರಾತ್ರಿಯಲ್ಲಿ ಬದಲಾಯಿತು ಎಂದು ನಾನು ಹೇಳಲಾರೆ. ಆದರೆ ಆಮೇಲೆ ಕಾಲೋನಿಯಿಂದ ಕಾರು ಕೇಳಲು ಬಂದವರು ಯಾರೂ ಬೀದಿಯ ತುದಿಯಲ್ಲಿ ನಿಂತು ಕೂಗಲಿಲ್ಲ.

ಮೆಕ್ಯಾನಿಕ್ಕನ್ನು ನೆನೆಯದಿದ್ದರೆ ಈ ಚರಿತ್ರೆ ಪೂರ್ತಿಯಾಗದು. ಕಾರು ಸಿಗದ ಕಾಲದಲ್ಲಿ ಇದ್ದ ಕಾರನ್ನು ಉಳಿಸಿಕೊಂಡವರು ಅವರು. ಹೊಸೂರಿನ ಬಸ್ ಸ್ಟ್ಯಾಂಡಿನ ಹಿಂದೆ ಹುಣಸೆ ಮರದ ಕೆಳಗೆ ಗ್ಯಾರೇಜು ಇಟ್ಟಿದ್ದವರಿಗೆ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಬರುತ್ತಿತ್ತು. ಬಾನೆಟ್ ತೆರೆಯುವ ಮೊದಲೇ ಶಬ್ದ ಕೇಳಿ ಪ್ಲಗ್ಗೋ ಪಾಯಿಂಟೋ ಎಂದು ಹೇಳುತ್ತಿದ್ದರು. ಹಳೆಯ ಭಾಗವನ್ನು ಬಿಸಾಡದೆ ತಿಕ್ಕಿ, ಬೆಸೆದು, ಮತ್ತೆ ಕೂರಿಸುತ್ತಿದ್ದರು. ಅಭಾವ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅಭಾವದಲ್ಲಿ ಜನ ಕಲಿತ ವಿದ್ಯೆ ದೊಡ್ಡದು ಎನ್ನುತ್ತಿದ್ದೇನೆ.

ಫಿಯಟ್ಟಿನ ಕಾಲ ಮುಗಿಯುತ್ತ ಬಂತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಗಾಳಿಗೆ ಒಳ್ಳೆಯದು, ಹಳೆಯ ವಾಲ್ವುಗಳಿಗೆ ಕಷ್ಟ ಎಂದರು ನಮ್ಮ ಮೆಕ್ಯಾನಿಕ್ಕು. ಅದೇ ಹೊತ್ತಿಗೆ ಕುರ್ಲಾದಲ್ಲಿ ಪದ್ಮಿನಿಯ ತಯಾರಿಕೆಯೂ ನಿಂತಿತು. ಹದಿನೈದು ವರ್ಷ ತುಂಬಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 1993, 1998, 2003 ಹೀಗೆ ಮೂರು ಸಲ ಮಾಡಿಸಿದೆ. ಅಷ್ಟರಲ್ಲಿ, 2004ರಲ್ಲಿ, ಧರ್ಮಪುರಿ ಜಿಲ್ಲೆ ಒಡೆದು ನಾವು ಕೃಷ್ಣಗಿರಿ ಜಿಲ್ಲೆಯವರಾದೆವು. 2008ರಲ್ಲಿ ಕಾರಿನ ತಳ ತುಕ್ಕು ಹಿಡಿದು, ಹಿಂದಿನ ಸೀಟಿನ ಕೆಳಗೆ ರಸ್ತೆ ಕಾಣುತ್ತಿತ್ತು. ಗುಜರಿಗೆ ಕೊಡಲು ಮನಸ್ಸಾಗದೆ ಆ ಮೆಕ್ಯಾನಿಕ್ಕಿಗೇ ಕೊಟ್ಟೆ. ಅವರು ಅದನ್ನು ಬಿಚ್ಚಿ ಇನ್ನೂ ಮೂರು ನಾಲ್ಕು ಫಿಯಟ್ಟುಗಳಿಗೆ ಜೀವ ಕೊಟ್ಟರು. ಮುಂಬಯಿಯ ರಸ್ತೆಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗೆ ಅವಧಿ ಮುಗಿದದ್ದು 2023ರ ಅಕ್ಟೋಬರಿನಲ್ಲಿ.

ಈಗ ನಮ್ಮ ಬೀದಿಯಲ್ಲೇ ಹಲವು ಕಾರುಗಳಿವೆ. ಬ್ಯಾಂಕಿನವರೇ ಫೋನು ಮಾಡಿ ಸಾಲ ಕೊಡುತ್ತಾರೆ. ಕಾಯುವ ಕಾಲ ಹೋದದ್ದು ಒಳ್ಳೆಯದೇ. ಆ ವಿಷಯದಲ್ಲಿ ನಮ್ಮೂರಿನ ಹಿರಿಯರು ಸರಿಯಾಗಿಯೇ ಹೇಳಿದ್ದರು. ರಾತ್ರಿ ಹೆರಿಗೆ ನೋವು ಬಂದರೆ 108 ಒತ್ತಿದರೆ ಆಂಬುಲೆನ್ಸ್ ಬರುತ್ತದೆ; ಅದಕ್ಕಿಂತ ಒಳ್ಳೆಯದು ಬೇರೆ ಯಾವುದಿದೆ? ಆದರೆ ಮನೆಗೊಂದು ಕಾರು ಬಂದ ಮೇಲೆ ಒಂದು ಕಾರಿನಲ್ಲಿ ಎಂಟು ಜನ ಕೂರುವುದು ನಿಂತಿದೆ. ಪಕ್ಕದ ಮನೆಯವರು ಎಲ್ಲಿಗೆ ಹೊರಟರು ಎಂಬುದು ಈಗ ನಮಗೆ ತಿಳಿಯುವುದಿಲ್ಲ.

ಅದಕ್ಕೆ ನನ್ನದೊಂದು ಸಣ್ಣ ಕೋರಿಕೆ. ನಿಮ್ಮ ಮನೆಯ ಮುಂದೆ ಕಾರಿದ್ದರೆ, ಅದರ ಪ್ಲೇಟಿನ ಮೇಲೆ ಯಾವ ರಾಜ್ಯದ ಅಕ್ಷರವೇ ಇರಲಿ, ಹೊಸೂರಿಗೆ ಹೊರಡುವಾಗ ಬೀದಿಯಲ್ಲೊಮ್ಮೆ ಕೂಗಿ ಕೇಳಿ: "ಯಾರಾದರೂ ಬರ್ತೀರಾ? ಯಾರಾವುದು ವರೀಂಗಳಾ?" ಎರಡೂ ಭಾಷೆಯಲ್ಲಿ ಕೇಳಿ. ಸೀಟು ಖಾಲಿ ಹೋಗುವುದು ಬೇಡ.