ತೋಳಕ್ಕೂ ಒಂದು ದಾರಿ

ಗದಗಿನ ಈಶಾನ್ಯಕ್ಕೆ ಎರೆನಾಡಿನಲ್ಲಿರುವ ಕೋಟುಮಚಗಿಯು ಶಾಸನಪ್ರಸಿದ್ಧವಾದ ಊರು. ಚಾಳುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, ಕ್ರಿ. ಶ. 1012ರ ಇಲ್ಲಿಯ ಶಾಸನವು ಅಗ್ರಹಾರದ ಉಪಾಧ್ಯಾಯರಿಗೆ ಭೂಮಿ ಬಿಟ್ಟ ಸಂಗತಿಯನ್ನು ಹೇಳುತ್ತದೆ. ಮನುಷ್ಯನಿಗಾಗಿ ನೆಲವನ್ನು ಅಳೆದು ಹಂಚಿದ ಇತಿಹಾಸ ನಮ್ಮಲ್ಲಿ ಬೇಕಾದಷ್ಟಿದೆ. ಇಂಥ ಬಯಲುಗಳಲ್ಲಿ ಚಿಗರಿಯ ಬೆನ್ನು ಹತ್ತಿ ಓಡಿದ ತೋಳದ ಇತಿಹಾಸವನ್ನು ಮಾತ್ರ ನಾವು ಕೇಳಿದ್ದು ಕಡಿಮೆ.

ಬಯಲುಸೀಮೆಯಲ್ಲಿ ತೋಳವೇ ದೊಡ್ಡ ಬೇಟೆಗಾರ. ಕುರಿಗಾರನಿಗೂ ಅದಕ್ಕೂ ಹಗೆತನ ಹಳೆಯದು. ಆದರೂ ನಾಯಿ, ಕೋಲುಗಳ ಕಾವಲಿನಲ್ಲಿ ಅವನು ಮಂದೆಯನ್ನು ಉಳಿಸಿಕೊಂಡನು, ತೋಳವೂ ಉಳಿಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ಈ ಹಗೆತನಕ್ಕೆ ಸರಕಾರದ ಮುದ್ರೆ ಬಿದ್ದಿತು. ತೋಳವನ್ನು ಕೊಂದವನಿಗೆ ಇನಾಮು ದೊರೆಯತೊಡಗಿತು. ಇತಿಹಾಸಕಾರ ಮಹೇಶ ರಂಗರಾಜನ್ ಅವರ ಲೆಕ್ಕದಂತೆ, 1875ರಿಂದ 1925ರ ವರೆಗೆ ಹಿಂದುಸ್ತಾನದಲ್ಲಿ ಹತವಾದ ಹುಲಿಗಳು 80,000ಕ್ಕೂ ಹೆಚ್ಚು; ತೋಳಗಳು 2 ಲಕ್ಷದಷ್ಟು! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ನೀತಿಯನ್ನು ತಿರುಗಿಸಿತು.

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡದ ಕಥೆ ತಮಗೆ ತಿಳಿದದ್ದೇ. 2015ರಲ್ಲಿ ದೊರೆತ ರಕ್ಷಣೆಯನ್ನು ಸರಕಾರವು 2016ರಲ್ಲಿ ಹಿಂತೆಗೆದುಕೊಂಡಿತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನರು ಹೋರಾಡಿದ ಮೇಲೆ 2017ರಲ್ಲಿ ಅದು ಮರಳಿ ಬಂದಿತು. 2019ರಲ್ಲಿ 244 ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು. ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿಯೂ ಸುಮಾರು 332 ಎಕರೆ ತೋಳಕ್ಕಾಗಿ ಮೀಸಲಾಗಿದೆ.

ಇಷ್ಟು ಸಾಲದೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿರಿ: 332 ಎಕರೆ ಎಂದರೆ ಒಂದೂವರೆ ಚದರ ಕಿಲೋಮೀಟರೂ ಅಲ್ಲ. ತೋಳದ ಒಂದು ಹಿಂಡಿಗೆ ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನ ಓಡಾಟ ಬೇಕು. ಗುಡ್ಡಕ್ಕೂ ಬಡಗಣ ಬಯಲಿಗೂ ನಡುವೆ ಹುಬ್ಬಳ್ಳಿ–ಗದಗ–ಹೊಸಪೇಟೆಯ ಹೆದ್ದಾರಿ ಹಾಯ್ದಿದೆ. ಗಾಯರಾಣಗಳು ಒತ್ತುವರಿಯಾಗುತ್ತಿವೆ; ಹಳ್ಳದ ದಂಡೆಗಳೂ ಹೊಲಗಳಾಗುತ್ತಿವೆ. ದಾರಿ ಕಡಿದುಹೋದ ಪ್ರಾಣಿಗೆ ಜೋಡಿ ಸಿಗುವುದಿಲ್ಲ. ರಕ್ತಸಂಬಂಧದೊಳಗೇ ಬೆಳೆದ ಸಂತತಿ ಸೊರಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬೆಟ್ಟದ ಸಿಂಹವೆಂಬ ಪ್ಯೂಮಾಕ್ಕೆ ಇದೇ ಗತಿ ಬಂದುದರಿಂದ, 2022ರಲ್ಲಿ ಹೆದ್ದಾರಿಯ ಮೇಲೆ ಮಣ್ಣು, ಗಿಡಗಳ ಸೇತುವೆಯನ್ನೇ ಕಟ್ಟಲಾರಂಭಿಸಿದರು.

ನಮ್ಮಲ್ಲಿ ಇನ್ನೂ ಅಗ್ಗದ ಉಪಾಯ ಉಳಿದಿದೆ. ಗಾಯರಾಣವನ್ನು ಗಾಯರಾಣವಾಗಿ, ಹಳ್ಳದ ದಂಡೆಯನ್ನು ದಂಡೆಯಾಗಿ ಉಳಿಸಿದರೆ ಕುರಿಗೂ ಮೇವು, ತೋಳಕ್ಕೂ ದಾರಿ. ಆದರೆ ಕುರಿ ಕಳೆದುಕೊಂಡವನಿಗೆ ಪರಿಹಾರವು ತಡವಿಲ್ಲದೆ ಕೈಸೇರಬೇಕು. ಇಲ್ಲವಾದರೆ ಸತ್ತ ಕುರಿಗೆ ವಿಷ ಸವರುವ ಕೈಯನ್ನು ಕಾಯಿದೆಯೊಂದೇ ತಡೆಯಲಾರದು.